ಹನ್ನೊಂದು ವರ್ಷದ ಮೀನು

ಪಾಪದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟಿನ ಮನುಷ್ಯ. ಇನ್ನೊಬ್ಬರ ಪಾಪದ ವಿಷಯದಲ್ಲಿ ಎಂಬುದನ್ನು ಮೊದಲಿಗೇ ಹೇಳಿಬಿಟ್ಟರೆ ನಿಮಗೂ ಅನುಕೂಲ, ನನಗೂ ಹಗುರ. ನಮ್ಮ ಓಣಿಯಲ್ಲಿ ಯಾರ ಮಗ ಊರಾಚೆಯ ಧಾಬಾದಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ, ಯಾರು ಶ್ರಾವಣದಲ್ಲಿ ಆಮ್ಲೆಟ್ ಕಟ್ಟಿಸಿಕೊಂಡು ಹೋದರು, ಯಾವ ಸೊಸೆ ಸೋಮವಾರವೂ ಸ್ನಾನಕ್ಕೆ ಮೊದಲೇ ಚಹಾ ಕುಡಿದಳು ಎಂಬುದನ್ನೆಲ್ಲ ನಾನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಲ್ಲಿಂದಲೇ ಹೇಳಬಲ್ಲೆ. ನಿವೃತ್ತರಾದ ಮೇಲೆ ಕೆಲವರು ಹೂವಿನ ಗಿಡ ಹಚ್ಚುತ್ತಾರೆ, ಕೆಲವರು ಯಾತ್ರೆಗೆ ಹೋಗುತ್ತಾರೆ. ನಾನು ಇದನ್ನು ಹಿಡಿದೆ. ಇದರಲ್ಲಿ ಮಂಡಿನೋವಿಲ್ಲ, ಮುದ್ದೇಬಿಹಾಳದ ಬಿಸಿಲಲ್ಲಿ ತಿರುಗಾಡುವ ತಾಪತ್ರಯವಿಲ್ಲ. ಮೇಲಾಗಿ ಪರರ ಪಾಪವನ್ನು ಕುರಿತು "ಶಿವ ಶಿವಾ" ಎಂದಾಗ ಹೊಟ್ಟೆಯೊಳಗೆ ಒಂದು ತಂಪು ಇಳಿಯುತ್ತದೆ ನೋಡಿ, ಅದು ಮಜ್ಜಿಗೆ ಕುಡಿದರೂ ಬರುವುದಿಲ್ಲ.

ನನ್ನ ಈ ಅಧಿಕಾರಕ್ಕೆ ಆಧಾರವೂ ಇತ್ತು. ಹುಟ್ಟಿದ್ದು ಬಸವನ ಬಾಗೇವಾಡಿಯಲ್ಲಿ. ಊರಿನ ಹೆಸರು ಹೇಳಿದರೆ ಸಾಕು, ಕೇಳಿದವರು ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿ ತಾವಾಗಿಯೇ ಗಾದಿಯ ಮೇಲೆ ಜಾಗ ಮಾಡಿಕೊಡುತ್ತಾರೆ. ಹೆಂಡತಿ ನೀಲಮ್ಮ ಸಿಂದಗಿಯವಳು. ಅವಳ ತವರಿನಲ್ಲಿ ಒಂದು ಬದನೆಕಾಯಿಯಲ್ಲಿ ಹುಳ ಕಂಡರೆ ಇಡೀ ಬುಟ್ಟಿಯನ್ನೇ ಎಮ್ಮೆಯ ಮುಂದೆ ಸುರಿಯುತ್ತಿದ್ದರಂತೆ. ಎಮ್ಮೆಯ ಆಚಾರದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಇಂಥ ಎರಡು ಮನೆತನ ಕೂಡಿದ ಮನೆಯ ಮಾಳಿಗೆಯ ಮೇಲೆ ನಾನು ಎರಡು ಖೋಲಿ ಕಟ್ಟಿಸಿ, ಬಾಗಿಲಿಗೆ ಒಂದು ಫಲಕ ತೂಗುಹಾಕಿದೆ: ‘ಮನೆ ಬಾಡಿಗೆಗೆ ಇದೆ. ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ.’ ಬರೀ ‘ಸಸ್ಯಾಹಾರಿ’ ಸಾಕಲ್ಲವೇ ಎಂದು ಬರೆಯುವವನು ಕೇಳಿದ. ಸಾಲದು, ‘ಶುದ್ಧ’ ಇರಲಿ, ಅದರ ಕೆಳಗೊಂದು ಕೆಂಪು ಗೆರೆಯನ್ನೂ ಎಳೆ ಎಂದು ಹೇಳಿದವನು ನಾನೇ.

ಈಗ ಖರೆ ಹೇಳಿಬಿಡುತ್ತೇನೆ. ನಾನು ಆಲಮಟ್ಟಿಯಲ್ಲಿ ಹನ್ನೊಂದು ವರ್ಷ ಮೀನು ತಿಂದಿದ್ದೇನೆ.

ಆಗ ನಾನು ಅಲ್ಲಿಯ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಸಂಸಾರ ಮುದ್ದೇಬಿಹಾಳದಲ್ಲಿ, ನಾನು ಆಲಮಟ್ಟಿಯ ಕ್ವಾರ್ಟರ್ಸಿನಲ್ಲಿ ಒಬ್ಬನೇ. ಶನಿವಾರ ಸಂಜೆ ಬಸ್ಸು ಹತ್ತಿ ಮನೆಗೆ ಬರುವುದು, ಸೋಮವಾರ ನಸುಕಿಗೆ ಹೊರಡುವುದು. ಆಫೀಸಿನಲ್ಲಿ ದಸ್ತಗೀರಸಾಬ ಎಂಬವನಿದ್ದ. ಕಾಲುವೆಯಲ್ಲಿ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅಳತೆಪಟ್ಟಿ ನೋಡಿ ಬರೆದುಕೊಂಡು ಬರುವುದು ಅವನ ಕೆಲಸ. ಅವನು ಬರೆದು ತಂದದ್ದನ್ನು ದೊಡ್ಡ ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ. ಒಮ್ಮೆ ನನಗೆ ಜ್ವರ ಬಂದು, ಮೂರು ದಿನ ಚುರುಮುರಿ ತಿಂದು ಮಲಗಿದ್ದಾಗ ಅವನೇ ಬಂದು ಕೈಹಿಡಿದು ಎಬ್ಬಿಸಿ ತನ್ನ ಮನೆಗೆ ಕರೆದೊಯ್ದ. ನನಗೆಂದು ಬೇರೆ ಒಲೆಯ ಮೇಲೆ, ಹೊಸ ಪಾತ್ರೆಯಲ್ಲಿ ಬದನೆಕಾಯಿ ಪಲ್ಲೆ ಮಾಡಿಸಿದ್ದ. ಅವನ ಹೆಂಡತಿ ಆ ಪಾತ್ರೆಯನ್ನು ಅಂದೇ ಪೇಟೆಯಿಂದ ತರಿಸಿದ್ದಳು. ಇಷ್ಟು ಮರ್ಯಾದೆಯ ನಡುವೆ ಕೂತು ನಾನು ನೋಡುತ್ತಿದ್ದದ್ದು ಏನನ್ನು? ಅವನ ತಾಟನ್ನು. ಅದರಲ್ಲಿ ಹುಣಸೆಹುಳಿಯ ಕೆಂಪು ಸಾರು, ಅದರೊಳಗೆ ಕಟ್ಲಾ ಮೀನಿನ ಎರಡು ತುಂಡು. ಜ್ವರದ ಬಾಯಿ ಬೇರೆ. ಆ ವಾಸನೆ ಮೂಗಿಗೆ ಹೊಡೆದಾಗ ನನ್ನ ಏಳು ತಲೆಮಾರಿನ ಆಚಾರ ಒಮ್ಮೆಗೇ ಎದ್ದು ಹೊರಗೆ ಹೋಗಿ ಕೂತಿತು.

"ಅದನ್ನ ಒಂಚೂರ ಹಾಕೋ" ಎಂದೆ. ಅವನು ಹಾಕಲಿಲ್ಲ. ಬ್ಯಾಡ್ರಿ ಸಾಹೇಬ್ರ, ನಾಳೆ ನಿಮ್ಮ ಮಂದಿ ನಾನು ಕೆಡಿಸಿದೆ ಅಂತಾರ ಎಂದ. ಮುಂದಿನ ವಾರ ಮತ್ತೆ ಕೇಳಿದೆ, ಆಗಲೂ ಹಾಕಲಿಲ್ಲ. ಮೂರನೆಯ ವಾರ ನಾನು ಕೈಯೇ ಚಾಚಿದಾಗ ಅವನ ಹೆಂಡತಿಗೆ ಪಾಪ ಅನ್ನಿಸಿ ಬಡಿಸಿದಳು. ಹೀಗಾಗಿ ಈ ಪಾಪದಲ್ಲಿ ಪಾಲುದಾರರಿಲ್ಲ. ನನ್ನನ್ನು ಯಾರೂ ಕೆಡಿಸಲಿಲ್ಲ, ನಾನೇ ಹಟಮಾಡಿ ಕೆಟ್ಟೆ. ಅಂದಿನಿಂದ ವಾರಕ್ಕೊಂದು ದಿನ ಗೊತ್ತಾಯಿತು. ಸೋಮವಾರ ನನ್ನ ದೇವರದು, ಶುಕ್ರವಾರ ಅವನ ದೇವರದು. ನಡುವೆ ಯಾರಿಗೂ ಬೇಡದೆ ಬಿದ್ದಿದ್ದ ಬುಧವಾರವನ್ನು ನಾವಿಬ್ಬರು ತೆಗೆದುಕೊಂಡೆವು.

ಆದರೆ ಒಂದು ತೊಡಕಿತ್ತು. ನನ್ನ ಕೊರಳಲ್ಲಿ ಲಿಂಗವಿರುವ ಬೆಳ್ಳಿಯ ಕರಡಿಗೆ. ಅದನ್ನು ಎದೆಯ ಮೇಲೆ ಇಟ್ಟುಕೊಂಡು ಮೀನು ತಿನ್ನುವಷ್ಟು ಧೈರ್ಯ ನನಗಿರಲಿಲ್ಲ. ತೆಗೆದಿಟ್ಟು ತಿಂದರೆ ದೇವರಿಗೆ ತಿಳಿಯುವುದಿಲ್ಲ ಎಂಬ ಲೆಕ್ಕ. ಹೀಗೆ ಲೆಕ್ಕ ಹಾಕುವವನು ನಾನೊಬ್ಬನೇ ಎಂದು ತಿಳಿಯಬೇಡಿ. ನಮ್ಮ ಕಡೆಯ ಅಂಗಿಗೂಟಗಳಿಗೆ ಬಾಯಿ ಇದ್ದಿದ್ದರೆ ಎಷ್ಟೋ ಮನೆತನಗಳ ಮಾನ ಹೋಗುತ್ತಿತ್ತು. ಮೊದಲ ದಿನ ನಾನೂ ಕರಡಿಗೆಯನ್ನು ಅವನ ಮನೆಯ ಗೂಟಕ್ಕೆ ಹಾಕಲು ಹೋದೆ. ದಸ್ತಗೀರ ಗಾಬರಿಯಾಗಿ ತಡೆದ. ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು, ಮಡಚಿದ ಬಿಳಿ ವಸ್ತ್ರದ ಮೇಲೆ ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡು, ತಾನು ಓದುವ ಪವಿತ್ರಗ್ರಂಥ ಇಟ್ಟಿದ್ದ ಎತ್ತರದ ಗೂಡಿನಲ್ಲಿ ಇಟ್ಟ. ಅಲ್ಲಿಗೇ ಮುಗಿಯಲಿಲ್ಲ. ಒಳಗೆ ಹೋಗಿ ಚೂರು ಬೆಲ್ಲ ತಂದು ಅದರ ಮುಂದಿಟ್ಟ. ಇದೇನೋ ಎಂದು ಕೇಳಿದೆ.

"ನಾವಿಬ್ರೂ ಹೊಟ್ಟಿತುಂಬ ಉಣ್ಣೋದು, ನಿಮ್ಮ ದೇವರು ಉಪಾಸ ಕೂಡೋದು, ನನಗ್ಯಾಕೋ ಚಲೋ ಅನಸಂಗಿಲ್ರಿ" ಎಂದ.

ಹನ್ನೊಂದು ವರ್ಷ ಪ್ರತಿ ಬುಧವಾರ ಆ ಬೆಲ್ಲ ತಪ್ಪಲಿಲ್ಲ. ನನ್ನ ದೇವರಿಗೆ ನನಗಿಂತ ಹೆಚ್ಚು ನಿಯಮದಿಂದ ನೈವೇದ್ಯ ಕೊಟ್ಟವನು ಅವನು. ರಮಜಾನಿನಲ್ಲಿ ತಾನು ರೋಜಾ ಇದ್ದರೂ ನನ್ನ ಬುಧವಾರ ತಪ್ಪಿಸುತ್ತಿರಲಿಲ್ಲ. ಒಣಗಿದ ತುಟಿಯಲ್ಲಿ ಎದುರಿಗೆ ಕೂತು, ಮುಳ್ಳು ಐತ್ರಿ, ಸಾವಕಾಶ ಎನ್ನುತ್ತಿದ್ದ. ನಾನು ನಾಚಿಕೆಯಿಲ್ಲದೆ ಉಣ್ಣುತ್ತಿದ್ದೆ. ಆ ಮನೆಯ ಮಬ್ಬು ಬೆಳಕು, ಹೊರಗೆ ಕಾಲುವೆಯ ನೀರಿನ ಸದ್ದು, ಅವನ ಹೆಂಡತಿ ಒಲೆಯ ಮುಂದಿನಿಂದ ಒಂದೊಂದೇ ಬಿಸಿ ರೊಟ್ಟಿ ಎತ್ತಿ ಕೊಡುತ್ತಿದ್ದದ್ದು, ಇದೆಲ್ಲ ನೆನಪಾದರೆ ಈಗಲೂ ಕಣ್ಣು ಒದ್ದೆಯಾಗುತ್ತದೆ. ಬಾಯಿ ಕಣ್ಣಿಗಿಂತ ಮೊದಲು ಒದ್ದೆಯಾಗುತ್ತದೆ. ನಾನು ಹೋಗತೊಡಗಿದಾಗ ಐದು ವರ್ಷದವಳಿದ್ದ ಅವರ ಮಗಳು ರೇಷ್ಮಾ ನನ್ನ ತಾಟಿನ ಪಕ್ಕ ಕೂತು ಮುಳ್ಳು ಆರಿಸಿ ಒಟ್ಟುವಳು. ನನಗೆ ಅವಳಿಟ್ಟ ಹೆಸರು ಮೀನ ಕಾಕಾ. ಓಣಿಯ ತುದಿಯಲ್ಲಿ ನನ್ನನ್ನು ಕಂಡೊಡನೆ ಆ ಹೆಸರು ಹಿಡಿದು ಕೂಗುತ್ತಿದ್ದಳು. ನಾನು ಅತ್ತಿತ್ತ ನೋಡಿ ಬೇಗ ಒಳಗೆ ನುಗ್ಗುತ್ತಿದ್ದೆ. ಊಟವಾದ ಮೇಲೆ ಇಂಡಿ ಊರಿನ ಲಿಂಬೆಹಣ್ಣಿನಿಂದ ಬೆರಳು ತಿಕ್ಕಿ, ಬಡೇಸೋಪು ಅಗಿದು, ಹೊಸದಾಗಿ ವಿಭೂತಿ ಹಚ್ಚಿಕೊಂಡು ಆಫೀಸಿಗೆ ಬಂದೆನೆಂದರೆ ನನ್ನಷ್ಟು ಮಡಿವಂತ ಇಡೀ ಆಲಮಟ್ಟಿಯಲ್ಲಿ ಇರುತ್ತಿರಲಿಲ್ಲ.

ಒಂದೇ ಒಂದು ಸಲ ಎಡವಿದೆ. ರಮಜಾನಿನ ಒಂದು ಬುಧವಾರ, ಮರುದಿನ ಯಾವುದೋ ರಜೆ. ಉಂಡವನೇ ನೇರ ಮುದ್ದೇಬಿಹಾಳದ ಬಸ್ಸು ಹಿಡಿದೆ. ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತರೆ ಕೊರಳು ಬರಿದು. ಕರಡಿಗೆ ಅವನ ಗೂಡಿನಲ್ಲೇ ಉಳಿದಿತ್ತು. ನೀಲಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಚ್ಚಳ ಸಡಿಲಾಗಿತ್ತು, ಪತ್ತಾರನ ಕಡೆ ರಿಪೇರಿಗೆ ಕೊಟ್ಟೇನಿ ಎಂದೆ. ಹ್ಞೂಂ ಎಂದು ಒಳಗೆ ಹೋದಳು. ಅವಳ ಕಣ್ಣು ತಪ್ಪಿಸಲು ಮಧ್ಯಾಹ್ನದವರೆಗೆ ಪೇಟೆಯಲ್ಲಿ ಸುತ್ತಾಡಿ ಮನೆಗೆ ಬಂದರೆ ಕರಡಿಗೆ ದೇವರ ಜಗಲಿಯ ಮೇಲೆ ಥಳಥಳ ಹೊಳೆಯುತ್ತಿದೆ. ಪತ್ತಾರ ಮನಿಗೇ ತಂದು ಕೊಟ್ಟು ಹ್ವಾದ ಎಂದಳು. ಇಲ್ಲದ ಪತ್ತಾರ ಎಲ್ಲಿಂದ ಬಂದನೋ ಕೇಳುವಂತಿಲ್ಲ, ಕೇಳಿದರೆ ಸಿಕ್ಕಿಬಿದ್ದೆ. ದಸ್ತಗೀರನನ್ನು ಕೇಳಿದೆ. ಮುಟ್ಟಿತಿಲ್ರಿ, ಬಿಡ್ರಿ ಎಂದು ಕಾಲುವೆಯ ಕಡೆ ಮುಖ ತಿರುಗಿಸಿದ. ನಾನೂ ಬಿಟ್ಟೆ.

ಮುಂದೆ ನನಗೆ ವರ್ಗವಾಯಿತು, ನಿವೃತ್ತಿಯಾಯಿತು. ದಸ್ತಗೀರ ಹೋದ ವರ್ಷ ತೀರಿಕೊಂಡ. ಸುದ್ದಿ ಬಂದ ದಿನ ನಾನು ಕಟ್ಟೆಯ ಮೇಲೆ ಕೂತು ಅತ್ತೆ. ಅದು ಖರೆಯ ಅಳು. ಆದರೆ ಆ ಅಳುವಿನ ನಡುವೆ, ಇನ್ನು ಸಾಕ್ಷಿ ಹೇಳುವವರು ಯಾರೂ ಇಲ್ಲ ಎಂಬ ಒಂದು ನೆಮ್ಮದಿಯೂ ಮೆಲ್ಲಗೆ ತಲೆ ಎತ್ತಿತು. ಅದನ್ನು ಈಗ ಬರೆಯುವಾಗ ನನ್ನ ಕೈಯೇ ನನಗೆ ಹೇಸುತ್ತದೆ.

ಆರು ತಿಂಗಳ ಹಿಂದೆ ಒಂದು ಮುಂಜಾನೆ ಕಟ್ಟೆಯ ಮುಂದೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಹೆಗಲಿಗೊಂದು ಬ್ಯಾಗು, ಕೈಯಲ್ಲೊಂದು ಚೀಲ. "ನಮಸ್ಕಾರ್ರಿ ಕಾಕಾ. ಗುರ್ತ ಹತ್ತಲಿಲ್ಲೇನ್ರಿ? ನಾನು ರೇಷ್ಮಾ, ದಸ್ತಗೀರಸಾಬರ ಮಗಳು" ಎಂದಳು. ಅವಳೀಗ ನರ್ಸು. ಇಂಡಿಯಲ್ಲಿದ್ದವಳಿಗೆ ಮುದ್ದೇಬಿಹಾಳಕ್ಕೆ ವರ್ಗವಾಗಿ ಹದಿನೈದು ದಿನವಾಗಿತ್ತು. ಜೊತೆಗೆ ಕೆಲಸ ಮಾಡುವವಳೊಬ್ಬಳ ಮನೆಯಲ್ಲಿ ಹಾಸಿಗೆ ಸುತ್ತಿಟ್ಟುಕೊಂಡು ಇದ್ದಳು. ಏಳು ಮನೆ ನೋಡಿದ್ದಳಂತೆ. ಏಳೂ ಕಡೆ ಮನೆ ತೋರಿಸುವವರೆಗೆ ಚೆನ್ನಾಗಿಯೇ ಮಾತಾಡಿ, ಹೆಸರು ಕೇಳಿದ ಮೇಲೆ, ಅಯ್ಯ, ನಿನ್ನೇನ ಒಬ್ಬರು ಗೊತ್ತು ಮಾಡಿ ಹೋಗ್ಯಾರ ಎಂದಿದ್ದರಂತೆ. ಇದನ್ನು ಅವಳು ನಗುತ್ತಲೇ ಹೇಳಿದಳು. ಮುದ್ದೇಬಿಹಾಳಕ್ಕ ಏನರ ಹೋದ್ರ ಕಾಕಾನ ಮನಿಗೆ ಹೋಗು, ಅದು ನಮ್ಮನಿ ಇದ್ದಂಗ ಅಂತ ಅಬ್ಬಾ ಹೇಳಿದ್ರು ಎಂದೂ ಸೇರಿಸಿದಳು.

ನನ್ನ ಕಣ್ಣಿಗೆ ಕಂಡದ್ದು ಅವಳ ಜಾತಿಯೂ ಅಲ್ಲ, ಧರ್ಮವೂ ಅಲ್ಲ, ಅವಳು ಅಡಿಗೆಮನೆಯಲ್ಲಿ ಏನು ಬೇಯಿಸಿಯಾಳು ಎಂಬುದೂ ಅಲ್ಲ. ಇವಳು ಮಾಳಿಗೆಯ ಮೇಲಿಂದ ಒಂದು ದಿನ ಮರೆತು ಮೀನ ಕಾಕಾ ಎಂದು ಕೂಗಿದರೆ ಕೆಳಗೆ ನೀಲಮ್ಮ, ಎದುರು ಮನೆಯಲ್ಲಿ ನನಗಿಂತ ಕಟ್ಟುನಿಟ್ಟಿನ ಗುರುಪಾದಪ್ಪನವರು, ನಡುವೆ ನಾನು! ಧರ್ಮದ ಹೆಸರಿನಲ್ಲಿ ಬಾಗಿಲು ಮುಚ್ಚುವವರಿಗಾದರೂ ಒಂದು ತತ್ತ್ವವಿರುತ್ತದೆ ಅನ್ನಿ. ನನಗೆ ಅದೂ ಇರಲಿಲ್ಲ. ನನ್ನ ಮುಖ ಉಳಿಸಿಕೊಳ್ಳಲು ನಾನು ಧರ್ಮವನ್ನು ಅಡ್ಡ ಹಿಡಿದೆ. "ಅಯ್ಯ ತಂಗಿ, ನಿನ್ನೇನ ಒಬ್ಬರು ಗೊತ್ತು ಮಾಡಿ ಹೋಗ್ಯಾರಲ್ಲ" ಎಂದೆ. ಇದು ಎಂಟನೆಯ ಮನೆ.

ಅವಳು ನನ್ನ ತಲೆಯ ಮೇಲೆ ಇನ್ನೂ ತೂಗಾಡುತ್ತಿದ್ದ ಫಲಕವನ್ನು ಒಮ್ಮೆ ನೋಡಿದಳು. ಇರ್ಲಿ ಬಿಡ್ರಿ ಕಾಕಾ ಎಂದು, ನನ್ನ ಬಿಪಿ ಹೇಗಿದೆ ಎಂದು ಕೇಳಿ, ಗುಳಿಗಿ ತಪ್ಪಸಬ್ಯಾಡ್ರಿ ಎಂದು ಹೇಳಿ, ಕೈಯಲ್ಲಿದ್ದ ಚೀಲವನ್ನು ಕಟ್ಟೆಯ ಮೇಲಿಟ್ಟು ಹೋದಳು. ಅದರ ತುಂಬ ಇಂಡಿಯ ಲಿಂಬೆಹಣ್ಣು.

ನೀಲಮ್ಮ ಹೊರಗೆ ಬಂದು ಯಾರು ಬಂದಿದ್ದರು ಎಂದು ಕೇಳಿದಳು. ಲಿಂಬೆಹಣ್ಣು ಮಾರುವವರು ಎಂದೆ. ಮಾರುವವರು ಯಾವಾಗಿನಿಂದ ಪುಕ್ಕಟೆ ಕೊಟ್ಟು, ಬಿಪಿ ಗುಳಿಗೆಯ ಕಾಳಜಿಯನ್ನೂ ಮಾಡಿ ಹೋಗತೊಡಗಿದರು ಎಂದು ಅವಳು ಕೇಳಿದಾಗ, ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ ಎಂಬುದು ತಿಳಿಯಿತು. ಆಮೇಲೆ ಅವಳು ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವಳು ಹಾಗೆ ಓಣಿಗೆ ಕಾಣುವಂತೆ ನನ್ನ ಪಕ್ಕ ಕೂತದ್ದು ಅದೇ ಮೊದಲು.

ಅಂದು ಕರಡಿಗೆ ತಂದುಕೊಟ್ಟವನು ಪತ್ತಾರನಲ್ಲ, ದಸ್ತಗೀರನೇ. ಮಟಮಟ ಮಧ್ಯಾಹ್ನ, ಬಿಳಿ ವಸ್ತ್ರದಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು, ಬಸ್ಸಿನಲ್ಲಿ ಕೂರಲು ಜಾಗ ಸಿಗದೆ ನಿಂತೇ ಬಂದಿದ್ದನಂತೆ. ನೀಲಮ್ಮ ನೀರು ಕೊಟ್ಟರೆ ಕುಡಿಯಲಿಲ್ಲ, ರೋಜಾ ಇದ್ದೇನೆ ಎಂದ. ಇದು ನಿಮ್ಮ ಮನೆಗೆ ಹೇಗೆ ಬಂತು ಅಣ್ಣಾ ಎಂದು ಅವಳು ಕೇಳಿದಳು. ಅವನು "ತಂಗಿ, ರೋಜಾದಾಗ ಸುಳ್ಳ ಹೇಳಾಕ ಬರೂದಿಲ್ಲ. ಖರೆ ಹೇಳಿದ್ರ ದೋಸ್ತಿ ಉಳಿಯೂದಿಲ್ಲ. ನೀ ಕೇಳಬ್ಯಾಡ" ಎಂದನಂತೆ. ಅವಳು ಕೇಳಲಿಲ್ಲ. ಆದರೆ ಶನಿವಾರ ನಾನು ತರುತ್ತಿದ್ದ ವಾರದ ಮೀನುವಾಸನೆಯ ಅಂಗಿ ಒಗೆಯುವವಳು ಅವಳೇ ಅಲ್ಲವೇ, ಕೇಳುವಂಥದ್ದು ಉಳಿದಿರಲೂ ಇಲ್ಲ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದೆ.

"ನೀವು ತಿಂದದ್ದಕ್ಕ ನನಗ ಸಿಟ್ಟಿಲ್ರಿ. ನಾಲಿಗಿ ಅಂದಮ್ಯಾಲೆ ಹಂಗ. ಆದ್ರ ಉಂಡ ಮನಿ ಮಗಳಿಗೆ ಇವತ್ತ ಬಾಗಲಾ ಮುಚ್ಚಿದ್ರೆಲ್ಲ, ಅದಕ್ಕ ಪಾಪ ಅಂತಾರ" ಎಂದು ಅವಳು ಎದ್ದಳು. ಫಲಕವನ್ನು ತಾನೇ ಕೈಯಾರೆ ಬಿಚ್ಚಿ ಹಿತ್ತಲಿನ ನೀರಿನ ಬ್ಯಾರಲ್ಲಿಗೆ ಮುಚ್ಚಳ ಮಾಡಿದಳು. ಸೀರೆ ಬದಲಿಸಿ ದವಾಖಾನೆಗೆ ಹೋಗಿ ರೇಷ್ಮಾಳನ್ನು ಕಂಡು, ನಿನ್ನ ಕಾಕಾಗ ಅರಳುಮರಳು, ನಾಳೆನ ಸಾಮಾನು ತಗೊಂಡು ಬಾ ಎಂದು ಹೇಳಿ ಬಂದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು. ಮರುದಿನ ರೇಷ್ಮಾಳ ಸಾಮಾನು ಟಂಟಂ ಗಾಡಿಯಿಂದ ಇಳಿಯುತ್ತಿದ್ದಾಗ ಎದುರು ಮನೆಯ ಗುರುಪಾದಪ್ಪನವರು ಬಂದರು. ನಿವೃತ್ತ ಹೆಡ್‌ಮಾಸ್ತರರು, ಓಣಿಗೆ ಹಿರಿಯರು. ಪಾಪದ ವಿಚಾರಣೆಯಲ್ಲಿ ನನ್ನ ಕಟ್ಟೆ ಕೆಳಗಿನ ಕೋರ್ಟಾದರೆ ಅವರ ಕಟ್ಟೆ ಹೈಕೋರ್ಟು. ಒಳ್ಳೆಯ ಮನುಷ್ಯರೇ, ಆದರೆ ಒಳ್ಳೆಯದು ಏನೆಂದು ಅವರೇ ಗೊತ್ತು ಮಾಡಬೇಕು. ಹುಡುಗಿಯ ಹೆಸರು ಕೇಳಿ ತಿಳಿದುಕೊಂಡು, ಆಕೆ ಇರುವುದಕ್ಕೆ ತಮ್ಮದೇನೂ ತಕರಾರಿಲ್ಲ, ಇದು ಎಲ್ಲರ ದೇಶ, ಆದರೆ ಅಡಿಗೆಯ ಮಾತು ಏನು ಎಂದು ಕೇಳಿದರು. ಓಣಿಯ ನಡುವೆ ಲಿಂಗಪೂಜೆಯ ಮನೆಗಳಿವೆ, ವಾಸನೆ ಬಂದರೆ ಪಾಪ ಯಾರಿಗೆ ಎಂದರು. ಆಗ ನಾನು ಹೇಳಬೇಕಾದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಮನೆ, ಅವಳ ಒಲೆ, ಅವಳ ಇಷ್ಟ, ಇಷ್ಟೇ ಸಾಕಿತ್ತು. ಆದರೆ ಹನ್ನೊಂದು ವರ್ಷ ಮೀನು ತಿಂದ ನಾಲಿಗೆಗೆ ಒಂದು ನೇರ ಮಾತು ಹೊರಳಲಿಲ್ಲ. "ಛೇ ಛೇ, ಆಕಿ ತಿನ್ನಂಗಿಲ್ರಿ. ನಮಗಿಂತ ಕಡಕ್ ಅದಾಳ" ಎಂದುಬಿಟ್ಟೆ.

ಗುರುಪಾದಪ್ಪನವರು ಸಂತೋಷದಿಂದ ಹೋದರು. ಬಕೆಟ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ರೇಷ್ಮಾ ಎಲ್ಲವನ್ನೂ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ಈ ಏನೂ ಅನ್ನದ ಗುಣ ಆ ಮನೆತನದ್ದು. ಅದರಿಂದಲೇ ನಾನು ಇಷ್ಟು ವರ್ಷ ಬದುಕಿದೆ, ಅದರಿಂದಲೇ ಈಗ ಸಾಯುತ್ತಿದ್ದೇನೆ.

ಅಂದಿನಿಂದ ಆ ಹುಡುಗಿ ನನ್ನ ಸುಳ್ಳನ್ನು ಬಾಳತೊಡಗಿದಳು. ಮೇಲಿನಿಂದ ಬದನೆಕಾಯಿ, ಹೀರೆಕಾಯಿ, ಮಡಿಕೆಕಾಳಿನ ವಾಸನೆ ಬಿಟ್ಟರೆ ಬೇರೆ ಬರಲಿಲ್ಲ. ವಾರದ ರಜೆಗೆ ತಾಯಿಯನ್ನು ನೋಡಲು ಯಂಕಂಚಿಗೆ ಹೋಗುವಳು. ದಸ್ತಗೀರ ಹೋದ ಮೇಲೆ ತಾಯಿ ಆ ಹಳ್ಳಿಯಲ್ಲಿ ತಮ್ಮ ಒಡಹುಟ್ಟಿದವನ ಮನೆಯಲ್ಲಿದ್ದರು. ಅಲ್ಲಿ ಉಂಡು ಮರಳಿ ಬಂದಾಗ ಅವಳ ಬಾಯಲ್ಲಿ ಬಡೇಸೋಪು. ಅದನ್ನು ಕಂಡ ದಿನ ನನಗೆ ನನ್ನ ಹಳೆಯ ಅಂಗಿಯನ್ನು ಇನ್ನೊಬ್ಬರ ಮೈಮೇಲೆ ನೋಡಿದ ಹಾಗಾಯಿತು. ನೀಲಮ್ಮನೇ ಅವಳಿಗೆ, ನಿನ್ನ ಮನಿ ಇದು, ನಿನಗ ಬೇಕಾದ್ದ ಮಾಡವಾ ಎಂದು ಎರಡು ಸಲ ಹೇಳಿದಳು. ಕಾಕಾ ಮಾತು ಕೊಟ್ಟಾರಲ್ರಿ ಕಾಕು, ಅವರ ಮಾತು ಕೆಳಗ ಬೀಳಬಾರದು ಎಂದಳಂತೆ.

ಹೋದ ತಿಂಗಳು ದಸ್ತಗೀರನ ವರ್ಷದ ದಿನ ಬಂತು. ಆ ದಿನ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ, ಅದರ ಮೇಲೆ ಪ್ರಾರ್ಥನೆ ಓದಿಸಿ, ನಾಲ್ಕು ಮಂದಿಗೆ ಉಣಿಸುವುದು ಅವರ ಮನೆಯ ಪದ್ಧತಿ. ರೇಷ್ಮಾಗೆ ರಜೆ ಸಿಗಲಿಲ್ಲ, ಹೀಗಾಗಿ ತಾಯಿಯೇ ಇಲ್ಲಿಗೆ ಬರುವವರಿದ್ದರು. ದಸ್ತಗೀರನಿಗೆ ಇಷ್ಟವಾದದ್ದು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹಿಂದಿನ ದಿನ ರೇಷ್ಮಾ ಕೆಳಗೆ ಬಂದು ಬಾಗಿಲಲ್ಲಿ ನಿಂತಳು.

"ಕಾಕಾ, ಅಬ್ಬಾನ ಹೆಸರಿಲೆ ನಾಳೆ ಮೀನ ಮಾಡಬೇಕಂತ ಅವ್ವಾಗ ಆಸೆ ಐತಿ. ಓಣಿಗೆ ವಾಸನಿ ಬರ್ತೈತಿ. ನೀವು ಬ್ಯಾಡಂದ್ರ ಬ್ಯಾಡ್ರಿ. ಸಕ್ಕರಿ ಮ್ಯಾಲೆ ಓದಸ್ತೇವಿ. ಅಬ್ಬಾಗ ತಿಳೀತೈತಿ ಬಿಡ್ರಿ."

ಅಬ್ಬಾಗೆ ತಿಳಿಯುತ್ತದೆ. ಆ ಮಾತು ನನ್ನ ಎದೆಗೆ ನಾಟಿತು. ನನ್ನ ದೇವರು ಉಪವಾಸ ಕೂರಬಾರದೆಂದು ಬೆಲ್ಲ ಇಟ್ಟವನು, ತನ್ನ ವರ್ಷದ ದಿನ ತನ್ನ ಮಗಳ ಮನೆಯಲ್ಲೇ ಉಪವಾಸ ಹೋಗಬೇಕು, ಅದೂ ನನ್ನ ಮಾಳಿಗೆಯ ಮೇಲೆ, ನನ್ನ ಒಂದು ಸುಳ್ಳಿನ ಸಲುವಾಗಿ. ಒಳಗಿನಿಂದ ನೀಲಮ್ಮ, ನಮ್ಮ ಮಾವನವರಿಗೆ ಸೇರ್ತಿತ್ತಂತ ನಾನು ಇಪ್ಪತ್ತು ವರ್ಷದಿಂದ ಕರಿಗಡಬು ಮಾಡಿ ಎಡಿ ಹಿಡೀತೇನಿ ಎಂದಳು. ಅಷ್ಟೇ ಅಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಸಂಜೆ ಗುರುಪಾದಪ್ಪನವರ ಕಟ್ಟೆಯ ಮೇಲೆ ಓಣಿಯ ಐದಾರು ಜನ ಸೇರಿದ್ದರು. ಯಾರದೋ ಪಾಪದ ವಿಚಾರಣೆ ನಡೆದಿತ್ತು. ನಾನು ಬಂದದ್ದು ಕಂಡು ಜಾಗ ಮಾಡಿಕೊಟ್ಟರು. ಕೂಡಲಿಲ್ಲ. ನಿಂತೇ, ಕಣ್ಣು ಮುಚ್ಚಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವರಂತೆ ಒಂದೇ ಉಸಿರಿನಲ್ಲಿ ಹೇಳಿದೆ. ಆ ಹುಡುಗಿ ಸಸ್ಯಾಹಾರಿ ಎಂದದ್ದು ಸುಳ್ಳು. ಅವಳು ಮೀನು ತಿನ್ನುತ್ತಾಳೆ. ನಾಳೆ ಅವಳ ಅಪ್ಪನ ದಿನ, ಅವಳು ಮಾಡುತ್ತಾಳೆ. ಅದು ಪಾಪವಾದರೆ ಅದರ ಹಿರಿಯ ಪಾಪಿ ನಾನು. "ಆಕಿ ಅಪ್ಪನ ಮನ್ಯಾಗ ಹನ್ನೊಂದು ವರ್ಷ ನಾನು ಮೀನ ತಿಂದೇನ್ರಿ" ಎಂದೆ.

ನಾನು ಕಣ್ಣು ತೆರೆದೆ. ಗುರುಪಾದಪ್ಪನವರ ಕಣ್ಣಲ್ಲಿ ನೀರು. ಅವರು ಮೆಲ್ಲಗೆ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು.

"ನ್ವಾಡ್ರೆಪಾ. ಒಂದು ಪರದೇಸಿ ಹೆಣ್ಮಗಳ ಸಲುವಾಗಿ ಮಾಡದ ಪಾಪಾನ ತನ್ನ ತಲಿ ಮ್ಯಾಲೆ ಹೊತ್ಕೊಂಡು ಬಂದು ನಿಂತಾನ. ಬಾಗೇವಾಡಿ ಮಣ್ಣಿನ ಗುಣ ಇದು."

ಅಲ್ಲರೀ, ಖರೇನೇ ತಿಂದಿದ್ದೇನೆ ಎಂದೆ. ಇಂಥವರು ಹಾಗೆಯೇ ಹೇಳುತ್ತಾರೆ ಎಂದು ಒಬ್ಬರು ತಲೆದೂಗಿದರು. ನನಗೆ ಸಿಟ್ಟು ಬಂತು. ಜೀವಮಾನದಲ್ಲಿ ಒಮ್ಮೆ ನಿಜ ಹೇಳಲು ಹೋದರೆ ಹೀಗೆಯೇ? ಕಟ್ಲಾ ಮೀನಿಗೂ ರೋಹು ಮೀನಿಗೂ ಇರುವ ರುಚಿಯ ಭೇದ ಹೇಳಿದೆ. ಹುಣಸೆಹುಳಿ ಯಾವಾಗ ಹಾಕಬೇಕೆಂದು ಹೇಳಿದೆ. ಬಾಲದ ಕಡೆಯ ತುಂಡಿನಲ್ಲಿ ಮುಳ್ಳು ಹೆಚ್ಚು, ಅದನ್ನು ನಾಲಿಗೆಯಲ್ಲೇ ಹೇಗೆ ಬೇರೆ ಮಾಡಬೇಕು ಎಂದು ಬಾಯಿ ಆಡಿಸಿ ತೋರಿಸಿದೆ. ಪಾಪ, ಆ ಹುಡುಗಿಗಾಗಿ ಇದನ್ನೆಲ್ಲ ಯಾರನ್ನೋ ಕೇಳಿ ಬಾಯಿಪಾಠ ಮಾಡಿಕೊಂಡು ಬಂದಾರ ನೋಡ್ರಿ ಎಂದು ಹಿಂದಿನಿಂದ ಯಾರೋ ಬಿಕ್ಕಿದರು. ಗುರುಪಾದಪ್ಪನವರು ಅಲ್ಲೇ ತೀರ್ಪು ಕೊಟ್ಟುಬಿಟ್ಟರು: ಇಂಥ ಮನುಷ್ಯ ಬಂದು ಕೇಳುತ್ತಿರುವಾಗ ಓಣಿಯೇ ಸಣ್ಣದಾಗಬಾರದು, ಆ ಹುಡುಗಿ ತನ್ನ ಮನೆಯಲ್ಲಿ ತನಗೆ ಬೇಕಾದ್ದು ಮಾಡಲಿ, ನಾಳೆ ಮಾತ್ರವಲ್ಲ, ಯಾವತ್ತಾದರೂ ಮಾಡಲಿ. ತಾವೂ ನಾಳೆ ಬಂದು ಸಿಹಿ ತಿಂದು ಹೋಗುವುದಾಗಿ ಹೇಳಿದರು. ನಾನು ಇನ್ನೊಮ್ಮೆ ಅಲ್ಲ ಎನ್ನಬೇಕೆಂದಿದ್ದೆ. ಆದರೆ ಅಷ್ಟರಲ್ಲಿ ಇಬ್ಬರು ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಕಾಲು ಮುಟ್ಟಿಸಿಕೊಂಡ ಮೇಲೆ ವಾದ ಮಾಡುವುದು ಕಷ್ಟ. ನಿಜ ಹೇಳಬೇಕೆಂದರೆ ಚೆನ್ನಾಗಿಯೂ ಇತ್ತು.

ಮರುದಿನ ಮಧ್ಯಾಹ್ನ ಮೇಲೆ ಓದಿಸಿದ್ದಾಯಿತು. ಹುಣಸೆಹುಳಿ ಕುದಿಯುವ ಆ ವಾಸನೆ ಮೆಟ್ಟಿಲು ಇಳಿದು, ಓಣಿ ದಾಟಿ ಹೋಯಿತು. ಯಾರೂ ಮೂಗು ಮುಚ್ಚಲಿಲ್ಲ. ಗುರುಪಾದಪ್ಪನವರು ಹೇಳಿದಂತೆ ನಾಲ್ಕು ಜನರೊಂದಿಗೆ ಬಂದು ನನ್ನ ಕಟ್ಟೆಯ ಮೇಲೆ ಕೂತರು. ರೇಷ್ಮಾಳ ತಾಯಿ ಅವರಿಗೆಲ್ಲ ಶಾವಿಗೆ ಪಾಯಸ ಕೊಟ್ಟರು. ಹಿಂದೆಯೇ ರೇಷ್ಮಾ ಒಂದು ತಾಟು ಹಿಡಿದು ಇಳಿದು ಬಂದಳು. ಎರಡು ಬಿಸಿ ರೊಟ್ಟಿ, ಕೆಂಪು ಸಾರು, ಅದರಲ್ಲಿ ಎರಡು ತುಂಡು ಕಟ್ಲಾ. ನನ್ನ ಮುಂದೆ ಹಿಡಿದು, "ಅಬ್ಬಾನ ಪಾಲಿಂದು ಕಾಕಾ" ಎಂದಳು.

ನನ್ನ ಕೈ ತಾನಾಗಿಯೇ ಅರ್ಧ ಮೇಲೆ ಬಂತು. ಆಗ ಗುರುಪಾದಪ್ಪನವರು ನನ್ನನ್ನು ನೋಡಿದರು. ಆ ನೋಟದಲ್ಲಿ ಎಂಥ ಭಕ್ತಿ ಇತ್ತೆಂದರೆ, ಅರವತ್ತೈದು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಹೆತ್ತ ತಾಯಿಯೂ ನೋಡಿರಲಿಲ್ಲ. ಒಂದು ತುತ್ತು ತಿಂದರೆ ಸಾಕು, ನಿನ್ನೆ ಹೇಳಿದ್ದು ನಿಜವಾಗುತ್ತದೆ, ಗೆಳೆಯನ ಪಾಲು ಅವನಿಗೆ ಮುಟ್ಟುತ್ತದೆ. ಬಾಗಿಲಲ್ಲಿ ನೀಲಮ್ಮ ನಿಂತಿದ್ದಳು. ಎಲ್ಲರೂ ಕಾಯುತ್ತಿದ್ದರು. ಮೇಲೆ ಬಂದಿದ್ದ ಕೈಯನ್ನು ಇನ್ನೊಂದು ಕೈಯೊಂದಿಗೆ ಕೂಡಿಸಿ ನಾನು ನಮಸ್ಕಾರ ಮಾಡಿದೆ.

ರೇಷ್ಮಾ ನನ್ನ ಮುಗಿದ ಕೈ ನೋಡಿದಳು. "ಹೌದ್ರಿ, ಕಾಕಾ ತಿನ್ನಂಗಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ತಾಟನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಗುರುಪಾದಪ್ಪನವರು ಕಣ್ಣೊರೆಸಿಕೊಂಡರು. ನಾನು ಬಾಯಲ್ಲಿ ಊರಿದ ನೀರನ್ನು ಯಾರಿಗೂ ಕಾಣದಂತೆ ನುಂಗುತ್ತ, ಕೈಮುಗಿದುಕೊಂಡು, ದೊಡ್ಡ ಮನುಷ್ಯನಾಗಿ ಕೂತೇ ಇದ್ದೆ.